ನಿಂತು ಕುಡಿಯುವ ಕಾಫಿ

೧೪ ಅಕ್ಟೋಬರ್, ಒರ್ವಿಯೆತೊ, ಇಟಲಿ

ಅಪ್ಪ ಮುಟ್ಟದೆ ಬಿಟ್ಟುಬಂದ ಆ ಕಾಫಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ರೈಲಿಳಿದ ಮೇಲೆ ಅವರು ಊರುಗೋಲನ್ನು ಕಾಫಿ ಅಂಗಡಿಯ ಕೌಂಟರಿಗೆ ಆನಿಸಿ, ಇಲ್ಲಿನ ಎಲ್ಲರಂತೆ ನಿಂತೇ ಕುಡಿಯಲು ಹೊರಟಿದ್ದರು; ಮೇಜಿಗೆ ಕೂರುವವರು ಪ್ರವಾಸಿಗರು ಮಾತ್ರ. "ಇವರಿಗೆ ನಿಲ್ಲೋಕಾಗಲ್ಲ, ಮೇಜಿಗೆ ಕೊಡಿ" ಎಂದು ನಾನು ಗಟ್ಟಿಯಾಗಿ ಹೇಳಿದೆ.

"ಕೂತ್ಕೊಂಡು ಕುಡಿಯೋಕೆ ನಾನೇನು ಜರ್ಮನಿಯಿಂದ ಊರು ನೋಡೋಕೆ ಬಂದಿದೀನಾ?" ಎಂದು ಅಪ್ಪ ಹೊರನಡೆದುಬಿಟ್ಟರು.

ಆಮೇಲೆ ಅಮ್ಮ ಅಂದಳು: "ರೋಮಿಗೆ ಬಂದಾಗಿನಿಂದ ದಿನಾ ಕಾಫಿ ಕುಡಿಯೋವಾಗ ಅವರ ಎಡಗಡೆ ಭುಜ ಕೊಟ್ಟು ನಿಲ್ತಿದೀನಿ ಕಣೆ. ನನಗೆ ಸೊಂಟನೋವು, ಒರಗ್ಕೋತೀನಿ ಅಂತ ನೆಪ. ನೋವೂ ಸುಳ್ಳಲ್ಲ ಬಿಡು."

ಹತ್ತು ದಿನ ಜೊತೆಗಿದ್ದು ನಾನು ನೋಡಿದ್ದು ಅಪ್ಪನಿಗಾಗಿ ಎಲ್ಲಿ ಮೆಟ್ಟಿಲು, ಎಲ್ಲಿ ಲಿಫ್ಟು ಎಂಬುದನ್ನು ಮಾತ್ರವೇ? ನಾಳೆ ಪೆರುಜಾದ ಕಾಫಿ ಅಂಗಡಿಯಲ್ಲಿ ಅವರ ಬಲಗಡೆ ನಾನು ನಿಲ್ಲಬೇಕು. ಏನು ನೆಪ ಹೇಳಲಿ? ನನ್ನ ಕಾಲುಗಳು ಗಟ್ಟಿಯಾಗಿವೆ ಎಂದು ಅವರಿಗೆ ಗೊತ್ತು.