ನಡುಬೀದಿಯ ಗೆರೆ

ಮಾರ್ಚ್ ೧೪, ಗುರುವಾರ

ಅತ್ತೆಯ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ.

ಕಾಲುವೆಯ ಹತ್ತಿರವಿದ್ದ ಚುನಾವಣಾ ಕ್ಷೇತ್ರದ ಗಡಿಯನ್ನು ಆಳುವ ಪಕ್ಷದವರು ನಮ್ಮ ಬೀದಿಯ ನಡುವಿಗೆ ತರಿಸಿದರು. ಸದಾ ಅವರ ವಿರುದ್ಧ ಬೀಳುತ್ತಿದ್ದ ಬೀದಿಯ ಓಟು ಎರಡು ಹೋಳಾಗಿ, ಎರಡೂ ಕಡೆ ಸೋತಿತು. ಕಚೇರಿಯಲ್ಲಿ ಕೂತು ನಕ್ಷೆಯ ಮೇಲೆ ಆ ಗೆರೆ ಎಳೆದವರು ಅಪ್ಪ. ಎದುರುಮನೆಯಲ್ಲಿರುವ ಅವರ ಸ್ವಂತ ಅಕ್ಕ, ನಮ್ಮ ಅತ್ತೆಗೆ ಅದು ಗೊತ್ತಿಲ್ಲ.

ಬೀದಿಯ ನೀರಿನ ಪೈಪು ಒಡೆದಿದೆ, ಸರಿಯಾಗಿ ಗೆರೆಯ ಮೇಲೆ. ಸಂಜೆ ಅತ್ತೆ ಖಾಲಿ ಕೊಡ ಹಿಡಿದು ಬಂದರು. "ಈ ಕಡೆ ಗೆದ್ದೋನು ಅವನನ್ನ ಕೇಳಿ ಅಂತಾನೆ, ಆ ಕಡೆಯೋನು ಇವನನ್ನ ಕೇಳಿ ಅಂತಾನೆ. ಆ ಗೆರೆ ಎಳೆದೋನ ಕೈ ಲಕ್ವ ಹೊಡೆದು ಸೇದಿಹೋಗ."

ಅಪ್ಪ ನಮ್ಮ ತೊಟ್ಟಿಯಿಂದ ಕೊಡ ತುಂಬಿಸಿ, ಎಡಗೈಯಲ್ಲಿ ಎತ್ತಿಕೊಟ್ಟರು.

ಈಗ ದೀಪದಡಿ ಕೂತು ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಚ್ಚಿ ನೋಡಿಕೊಳ್ಳುತ್ತಿದ್ದಾರೆ. ಮುಗಿದರೆ ಮತ್ತೆ ಹೆಬ್ಬೆರಳಿನಿಂದ...