ಗಾದಿಯ ಬೇರು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಮಿಡತೆಗೆ,

ಹೇಗಿದ್ದೀಯ? ನೀನು ಊರು ಬಿಟ್ಟು ಆರು ತಿಂಗಳಾದ ಮೇಲೆ ಬರೀತಿದ್ದೀನಿ. ಬೈಕೋ, ತಪ್ಪು ನನ್ನದೇ. ಫೋನಿನಲ್ಲಿ ಹೇಳೋಣ ಅಂದರೆ ನಿನ್ನ ಮಂಡಿನೋವಿನ ಮಾತೆತ್ತಿದ ಕೂಡಲೇ "ಅಮ್ಮನಿಗೆ ಕೊಡು" ಅಂತೀಯ. ಕಾಗದವಾದರೆ ಕೊನೇವರೆಗೂ ಓದುತ್ತೀಯ ಅನ್ನೋ ಆಸೆ.

ಅಮ್ಮ ಚೆನ್ನಾಗಿದ್ದಾಳೆ. ಕನ್ನಡಕ ಬದಲಾಯಿಸಿದಳು. ಈಗ ನನ್ನ ಮುಖದ ಸುಕ್ಕೆಲ್ಲ ಕಾಣುತ್ತಂತೆ, ಹಳೇದೇ ವಾಸಿಯಿತ್ತು ಅಂತಾಳೆ.

ನಮ್ಮ ಮೆಡಿಕಲ್ ಕಾಲೇಜಿನ ಲ್ಯಾಬಿಗೆ ಈ ಸಲ ಮಂಡಿಯ ಕೆಲಸ ಬಂತು, ದೇಹದಾನ ಮಾಡಿದವರದು. ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದ ಎರಡು ಗಾದಿಗಳಿವೆ, ಮೆನಿಸ್ಕಸ್ ಅಂತಾರೆ. ಅವುಗಳ ತುದಿ, ಅಂದರೆ ಬೇರು, ಮೂಳೆಗೆ ಹೇಗೆ ಕೂಡಿಕೊಂಡಿದೆ ಅಂತ ಪ್ರೊಫೆಸರ್ ಮೇಡಂ ನೋಡಬೇಕಿತ್ತು. ಮೂಳೆ ಸಮೇತ ಹಾಗೇ ಸೀಳೋಕಾಗಲ್ಲ. ವಾರಗಟ್ಟಲೆ ಆಮ್ಲದಲ್ಲಿ ನೆನೆಸಿ, ಸುಣ್ಣದಂಶ ತೆಗೆದು, ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಬೇಕು. ಮೊದಲ ಹತ್ತು ಚೂರು ಸುರುಳಿ ಸುತ್ತಿಕೊಂಡು ಹಾಳಾದವು. ಹನ್ನೊಂದನೆಯದಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ.

ಅಂಟು ಹಚ್ಚಿದ ಹಾಗಿರುತ್ತೆ ಅಂದುಕೊಂಡಿದ್ದೆ. ಅಲ್ಲ ಕಣೇ. ಮೊದಲು ಹಗ್ಗದ ಹಾಗೆ ನಾರುಗಳು ಒತ್ತೊತ್ತಾಗಿ. ಆಮೇಲೆ ನಾರುಗಳ ನಡುವೆ ದುಂಡು ದುಂಡು ಜೀವಕೋಶಗಳು ಸಾಲು ಕಟ್ಟುತ್ತವೆ, ಮೃದು ಎಲುಬು ಬೆರೆಯುತ್ತೆ. ಆಮೇಲೆ ಒಂದು ಅಂಕುಡೊಂಕು ನೀಲಿ ಗೆರೆ. ಅದರಾಚೆ ಸುಣ್ಣ ಸೇರಿ ಗಟ್ಟಿಯಾದ ಪದರ, ಕೊನೆಗೆ ಮೂಳೆ. ನಾರುಗಳು ಮಾತ್ರ ಗೆರೆ ದಾಟಿ ಒಳಗೆ ಹೋಗಿರುತ್ತವೆ. ಹೀಗೆ ಮೆತ್ತಗಿರೋದು ಹಂತ ಹಂತವಾಗಿ ಗಟ್ಟಿಯಾದರೇ ಎಳೆತ ತಡೆಯೋದು.

"ಗಾದಿ ಎಷ್ಟೇ ಚೆನ್ನಾಗಿರಲಿ, ಈ ಬೇರು ಕಿತ್ತರೆ ಅದು ಇದ್ದೂ ಇಲ್ಲದ ಹಾಗೆ," ಅಂದರು ಮೇಡಂ. "ಭಾರ ಬಿದ್ದಾಗ ಹೊರಕ್ಕೆ ಜಾರುತ್ತೆ. ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಣ್ಣು ತಪ್ಪುತ್ತೆ."

ನಿನ್ನ ಮಂಡಿ ನೆನಪಾಯಿತು. ಫೈನಲ್‌ಗೆ ಮುಂಚೆ ತೆಗೆಸಿದ ಸ್ಕ್ಯಾನಿನ ರಿಪೋರ್ಟಿನಲ್ಲಿ "ಮೆನಿಸ್ಕಸ್ ಹರಿದಿಲ್ಲ" ಅಂತ ಇತ್ತಲ್ಲ. ಅದನ್ನೇ ಹಿಡಿದು ಕೋಚ್ ಇಡೀ ವಾಲಿಬಾಲ್ ತಂಡದ ಎದುರು "ನಾಟಕ ಸಾಕು" ಅಂದಿದ್ದರು.

ಮಾರನೇ ದಿನ ಬೀರುವಿನಿಂದ ಆ ಸ್ಕ್ಯಾನಿನ ಫಿಲ್ಮ್ ತೆಗೆದುಕೊಂಡು ಹೋದೆ. ಮೇಡಂ ಕಿಟಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಯಾರದು?"

"ನನ್ನ ತಂಗೀದು."

"ಮಂಡಿಯ ಹಿಂದೆ ಟಪ್ ಅಂತ ಸದ್ದಾಯ್ತು ಅಂದಳಾ?"

"ಹಾಗೇ ಅಂದಿದ್ದಳು."

"ಹಿಂದಿನ ಬೇರು ಕಿತ್ತಿದೆ." ಆಮೇಲೆ ಕೇಳಿದರು: "ಇದಾದ ಮೇಲೂ ಆಡಿದಳಾ?"

"ಹೌದು, ಫೈನಲ್ ಆಡಿದಳು," ಅಂದೆ.

ಮೇಡಂ ತಾವೇ ಒಬ್ಬ ಮಂಡಿ ಸರ್ಜನ್‌ಗೆ ಹೇಳಿದರು. ಮೂಳೆಯಲ್ಲಿ ಸಣ್ಣ ತೂತು ಕೊರೆದು, ಬೇರಿಗೆ ದಾರ ಪೋಣಿಸಿ, ಅದರ ಜಾಗಕ್ಕೆ ಎಳೆದು ಕಟ್ಟುತ್ತಾರಂತೆ. "ಕೂಡಿಕೊಳ್ಳಬಹುದು, ಆದರೆ ಹುಟ್ಟಿನಿಂದ ಬಂದ ಪದರಗಳು ಹಾಗೇ ಮರಳಿ ಬರುತ್ತವೆ ಅನ್ನಲಾರೆ. ನಡಿಗೆ ಸುಧಾರಿಸುತ್ತೆ, ನೆಗೆತದ ಬಗ್ಗೆ ಮಾತು ಕೊಡಲ್ಲ," ಅಂದರು ಮೇಡಂ. ತಡ ಮಾಡಿದಷ್ಟೂ ಸವೆತವಂತೆ. ಇಪ್ಪತ್ತೈದನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಹೊಸ ಸ್ಕ್ಯಾನಿಗೆ ಸರ್ಜನ್ ಸಮಯ ಕೊಟ್ಟಿದ್ದಾರೆ. ನಿನ್ನ ಗ್ರಂಥಾಲಯದ ಕೆಲಸಕ್ಕೆ ರಜೆ ಕೇಳಿ ಬಾ.

ಮೆಟ್ಟಿಲು ಇಳಿಯುವಾಗ ನೀನು ಕಂಬಿ ಹಿಡಿಯದ ದಿನ ಬೇಗ ಬರಲಿ. ನಿನಗೆ ಎಲ್ಲಾ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮರೆತು ಕೊನೆಗೆ ಬರೆದದ್ದಲ್ಲ ಇದು. ಮೊದಲೇ ಬರೆದರೆ ಕಾಗದ ಹರಿದುಹಾಕ್ತೀಯೇನೋ ಅಂತ ತಡೆದಿಟ್ಟೆ. ಫೈನಲ್ ದಿನ ಬೆಳಿಗ್ಗೆ ಕೋಚ್ ನನಗೆ ಫೋನ್ ಮಾಡಿದ್ದರು. "ಅವಳಿಗೆ ನಿಜವಾಗಿ ನೋವಿದೆಯಾ? ನೀವು ಮೆಡಿಕಲ್ ಕಾಲೇಜಿನವರು, ನೀವೇ ಹೇಳಿ" ಅಂದರು. ನಾನು, "ರಿಪೋರ್ಟಿನಲ್ಲಿ ಏನೂ ಇಲ್ಲ ಸರ್. ಚಿಕ್ಕಂದಿನಿಂದ ಅವಳು ಹಾಗೇ, ಸೋಲ್ತೀನಿ ಅನ್ನಿಸಿದರೆ ನಾಟಕ ಮಾಡ್ತಾಳೆ. ಆಡಿಸಿ" ಅಂದೆ. ಆ "ನಾಟಕ" ಅನ್ನೋ ಮಾತು ಅವರದಲ್ಲ, ನನ್ನದು. ನೀನು ಇವತ್ತಿಗೂ ಅವರ ಮೇಲೆ ಸಿಟ್ಟು ಮಾಡಿಕೊಂಡು, ನನ್ನ ಬಗ್ಗೆ ಅಮ್ಮನ ಹತ್ತಿರ "ಅಕ್ಕ ಊಟ ಮಾಡಿದಳಾ" ಅಂತ ಕೇಳ್ತೀಯ. ಇನ್ನು ತಡೆಯೋಕಾಗಲ್ಲ. ಮಂಗಳವಾರ ನನ್ನ ಮುಖ ನೋಡೋದು ಬೇಡ ಅನ್ನಿಸಿದರೆ ಅಮ್ಮನ ಜೊತೆ ಹೋಗು. ಆದರೆ ಹೋಗು.