ನಿಮ್ಮ ಐಟಮ್ಮಿಗೆ ನಾನು ಕೊಟ್ಟ ಒಂದು ಮಾರ್ಕು

ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ
೧೮ ನವೆಂಬರ್ ೧೯೮೬, ಮಂಗಳವಾರ

ಅಪ್ಪಾ,

ಪತ್ರದ ಮೊದಲಿಗೆ ತೀರ್ಥರೂಪು ಎಂದು ಬರೆಯಬೇಕೆಂದು ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರು ಕಲಿಸಿದ್ದರು. ಇವತ್ತು ಆ ಶಬ್ದ ಬರೆಯಲು ಕೈ ಏಳಲಿಲ್ಲ. ನಿಮ್ಮ ಮೊಣಕಾಲು ಹೇಗಿದೆ? ಬಿ.ಪಿ. ಗುಳಿಗೆಯ ಡಬ್ಬಿಯನ್ನು ನಮ್ಮ ಬಚ್ಚಲಮನೆಯಲ್ಲೇ ಬಿಟ್ಟು ಹೋಗಿದ್ದೀರಿ. ಮುಂದಿನ ಕಾರ್ಯಕ್ರಮಕ್ಕೆಂದು ಹೂಸ್ಟನ್‌ನಲ್ಲಿ ನೀವು ಇಳಿದುಕೊಂಡಿರುವ ಮನೆಯ ವಿಳಾಸಕ್ಕೆ ಅದನ್ನು ನಿನ್ನೆ ಕಳಿಸಿದ್ದೇನೆ. ಊಟವಾದ ಮೇಲೆ ಮರೆಯದೆ ತೆಗೆದುಕೊಳ್ಳಿ. ಸಿಟ್ಟು ಬೇರೆ, ಗುಳಿಗೆ ಬೇರೆ. ನಾನು ಆರಾಮಾಗಿದ್ದೇನೆ, ಹೊಟ್ಟೆಯಲ್ಲಿರುವುದೂ ಆರಾಮಾಗಿದೆ. ಬರುವ ತಿಂಗಳು ಅವ್ವ ಬಂದು ನನ್ನ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಬಾಣಂತನ ಮುಗಿಸಿಕೊಂಡು ಹೋಗಬೇಕೆಂದು ಟಿಕೆಟ್ ತೆಗೆಸಿರುವುದು ನಿಮಗೆ ಗೊತ್ತೇ ಇದೆ. ಆಕೆ ಕಾಲಿಡಬೇಕಾದ ಊರಿನಲ್ಲಿ, ಆಕೆ ಕಾಲಿಡುವ ಮೊದಲೇ ನೀವು ಮಾಡಿ ಹೋದ ಕೆಲಸದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಮಂದಿ ಸೇರಿದರೆ ನನ್ನ ಬಾಯಿ ಕಟ್ಟುತ್ತದೆ ಎಂದು ನೀವೇ ಎಲ್ಲರಿಗೂ ಹೇಳಿ ನಗಿಸುತ್ತೀರಿ. ಕಾಗದದ ಮುಂದೆ ಕಟ್ಟುವುದಿಲ್ಲ.

ನನ್ನನ್ನು ಜಡ್ಜು ಮಾಡಿಸಿದವರು ನೀವೇ ಎಂಬುದನ್ನು ಮರೆಯಬೇಡಿ. ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ವಿವಿಧ ವಿನೋದಾವಳಿ ಇಟ್ಟುಕೊಂಡು ಆ ಹಳೆಯ ಥಿಯೇಟರು ಬಾಡಿಗೆ ಹಿಡಿದಾಗ, ನಿಮಗೆ ಹೋದ ವಯಸ್ಸು ಬಂದಂತಾಗಿತ್ತು. ಹಿಂದೆ ಅಲ್ಲಿ ದೊಂಬರಾಟ, ನಾಯಿಯಾಟ, ಹಾಡು, ಹಾಸ್ಯ ಎಲ್ಲವನ್ನೂ ಒಂದೇ ಟಿಕೆಟ್ಟಿಗೆ ಆಡಿಸುತ್ತಿದ್ದರಂತೆ. ಗೋಡೆಯ ಮೇಲಿನ ಹಳೆಯ ಜಾಹೀರಾತುಗಳನ್ನು ನೋಡಿ, ನಮ್ಮ ಪಟ್ಟಿಯಲ್ಲೂ ನಿಮ್ಮ ಹೆಸರು ಕಡೆಗೇ ಬರಬೇಕು, ದಪ್ಪ ಅಕ್ಷರದಲ್ಲೇ ಇರಬೇಕು ಎಂದು ಹಟ ಹಿಡಿದಿರಿ. ಕೂಟದ ಕಾರ್ಯದರ್ಶಿ ಜಯರಾಮ್ ಅವರು ಅತಿಥಿ ಕಲಾವಿದರಿಗೆ ಮಾರ್ಕು ಬೇಡ ಸಾರ್ ಎಂದರೂ ಕೇಳಲಿಲ್ಲ. ‘ನನ್ನ ಐಟಮ್ಮಿಗೂ ಹಾಕ್ರಿ. ಮಾರ್ಕಿಗೆ ಅಂಜಾವ ಎಂಥಾ ನಟ? ನನ್ನ ಮಗಳು ನಾಟಕ ಕಂಪನಿ ಡೇರೇದಾಗ ಹುಟ್ಟಿದಾಕಿ, ಆಕಿನ್ನೂ ಜಡ್ಜ್ ಅಂತ ಕೂಡಸ್ರಿ’ ಎಂದಿರಿ. ಅವರು ಎಷ್ಟು ದೊಡ್ಡ ಮನಸ್ಸು ಎಂದು ಕೈಮುಗಿದರು. ಆ ದೊಡ್ಡ ಮನಸ್ಸಿನ ಅಳತೆ ನನಗೆ ಕಾರಿನಲ್ಲಿ ಸಿಕ್ಕಿತು. ‘ಹತ್ತಕ್ಕ ಹತ್ತು ಹಾಕಬ್ಯಾಡ ಮಗಳ, ಮಂದಿಗೆ ಸಂಶಯ ಬರ್ತದ. ಒಂಬತ್ತು ಸಾಕು’ ಎಂದು ಹಿಂದಿನ ಸೀಟಿನಿಂದ ಬಗ್ಗಿ ಹೇಳಿದಿರಿ.

ಒಂದರಿಂದ ಹತ್ತರವರೆಗಿನ ರಟ್ಟಿನ ಹಲಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕುಳಿತೆ. ಒಂದು ಕಡೆ ಡ್ಯಾನ್‌ವಿಲ್ಲಿನ ಡಾಕ್ಟರ್ ರಮಾ, ಇನ್ನೊಂದು ಕಡೆ ಮೆನ್ಲೋ ಪಾರ್ಕಿನಲ್ಲಿ ಇಂಜಿನಿಯರಾಗಿರುವ ಶೇಷಾದ್ರಿ. ಪ್ರತಿ ಐಟಮ್ ಮುಗಿದ ಕೂಡಲೇ ಮೂವರೂ ಹಲಗೆ ಎತ್ತಿ ತೋರಿಸಬೇಕಿತ್ತು. ಮೊದಲಿಗೆ ಹಾಡಿನವರು ಬಂದರು. ಎಲ್ಲರೂ ಕೈಯಲ್ಲಿದ್ದ ಚೀಟಿ ನೋಡಿದರೇ ಹೊರತು ಒಬ್ಬರೂ ನಮ್ಮ ಮುಖ ನೋಡಲಿಲ್ಲ. ಮನೆಯಲ್ಲೇ ಹಾಡಿಕೊಂಡಿದ್ದರೂ ಆಗುತ್ತಿತ್ತು, ಮೂರು ಹಾಕಿದೆ. ಅನಂತಪದ್ಮನಾಭ ಎಂಬವರು ಜಾದೂ ಮಾಡುತ್ತೇನೆಂದು ಬಂದು, ಮಾಯವಾಗಬೇಕಾದ ಮೊಟ್ಟೆಯನ್ನು ಕೋಟಿನ ಜೇಬಿನಲ್ಲೇ ಒಡೆದುಕೊಂಡರು. ಲೋಳೆ ಷರಾಯಿಗೆ ಇಳಿಯುತ್ತಿದ್ದರೂ ಮುಂದಿನ ಜಾದೂಗೆ ಕೈಚಾಚಿ ನಗುತ್ತಲೇ ನಿಂತರು. ಸೋತು ನಿಂತವನ ಆ ನಗುವಿಗೆ ಆರು ಹಾಕಿದೆ, ಶೇಷಾದ್ರಿ ಎರಡು ಹಾಕಿದರು. ಫ್ರೀವೇಯಲ್ಲಿ ದಾರಿ ತಪ್ಪಿದ ಅಳಿಯನ ಕಿರುನಾಟಕ ಆಡಿದವರು ತಮ್ಮ ಜೋಕಿಗೆ ತಾವೇ ಮೊದಲು ನಕ್ಕುಬಿಟ್ಟರು, ನಮಗೇನೂ ಉಳಿಸಲಿಲ್ಲ. ನನ್ನ ಗೆಳತಿ ಪದ್ಮಜಾಳ ಮಗಳು ನೃತ್ಯದ ನಡುವೆ ಎಲ್ಲ ಮರೆತು ನಿಂತಾಗ ಪದ್ಮಜಾ ಪರದೆಯ ಸಂದಿಯಲ್ಲಿ ನಿಂತು ಪೂರ್ತಿ ನೃತ್ಯ ಮಾಡಿ ತೋರಿಸಿದಳು. ಹುಡುಗಿ ‘ಮಾಮ್, ಸ್ಟಾಪ್ ಇಟ್’ ಎಂದದ್ದು ಮೈಕಿನಲ್ಲಿ ಕೇಳಿಸಿತು. ಸಂದಿಯಲ್ಲಿ ಕುಣಿದವಳಿಗೆ ಎಂಟು ಕೊಡಬಹುದಿತ್ತು, ಆದರೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನಾನು ಕಣ್ಣು ಮುಚ್ಚಿಕೊಂಡು ಕುಳಿತಿರಲಿಲ್ಲ. ಯಾರ ಮೇಲಿನ ಸಿಟ್ಟನ್ನೂ ನಿಮ್ಮ ಮೇಲೆ ತೀರಿಸಿಕೊಳ್ಳಲಿಲ್ಲ.

ಆಮೇಲೆ ನೀವು ಬಂದಿರಿ. ಕುಡುಕನ ಐಟಮ್ ಮಾಡುತ್ತೀರಿ, ಇಲ್ಲವೇ ಚಿಕ್ಕಂದಿನಲ್ಲಿ ನಾನು ಬಿದ್ದು ಬಿದ್ದು ನಗುತ್ತಿದ್ದ ಜಿಪುಣ ಶೆಟ್ಟಿಯ ಐಟಮ್ ಮಾಡುತ್ತೀರಿ ಎಂದುಕೊಂಡಿದ್ದೆ. ನೀವು ನನ್ನ ಕಪಾಟಿನಿಂದ ಹೇಳದೆ ತೆಗೆದಿದ್ದ ಇಳಕಲ್ ಸೀರೆ ಉಟ್ಟು ಬಂದಿರಿ. ‘ಗಂಟಲು ಹೋದ ನಾಯಕಿ’ ಎಂದು ಹೆಸರು ಹೇಳಿದಿರಿ. ಸೀರೆಯ ಸೆರಗನ್ನು ಎಡಗೈಗೆ ಸುತ್ತಿಕೊಂಡಾಗಲೇ ನನಗೆ ತಿಳಿಯಿತು. ಕಂಪನಿಯಲ್ಲಿ ನಾಯಕಿಯಾಗಿದ್ದಾಗ ಅವ್ವ ಪ್ರವೇಶದ ಹಾಡಿಗೆ ಮೊದಲು ಹಾಗೇ ಸುತ್ತಿಕೊಳ್ಳುತ್ತಿದ್ದಳು. ಬಾಯಿ ತೆರೆದಿರಿ. ಹರಿದ ತಿದಿಯಿಂದ ಗಾಳಿ ಸೋರಿದಂತೆ ಆ ದನಿ ಬಂತು. ಸಂತೆಯಲ್ಲಿ ಬದನೆಕಾಯಿ ಚೌಕಾಶಿ ಮಾಡಲು ಹೋಗಿ ದನಿ ಸಿಕ್ಕಿಕೊಂಡು ಎದೆ ಗುದ್ದಿಕೊಳ್ಳುವುದು, ಬಸ್ ನಿಲ್ಲಿಸಲು ಕೂಗಲಾರದೆ ಚಪ್ಪಲಿ ಎಸೆಯುವುದು, ಕಡೆಗೆ ದೇವರ ಮುಂದೆ ಹಾಡಲು ಹೋಗಿ ಸೀಟಿ ಹೊಡೆದಂತಾಗುವುದು. ಒಂದೂ ತಪ್ಪಿಲ್ಲ. ಎಲ್ಲವೂ ಅವ್ವನೇ. ಇಷ್ಟು ವರ್ಷ ಆಕೆಯ ಕಷ್ಟವನ್ನು ನೀವು ಗಮನಿಸಲಿಲ್ಲ ಎಂದು ತಿಳಿದಿದ್ದೆ. ಗಮನಿಸಿದ್ದೀರಿ, ಚೆನ್ನಾಗಿ ಗಮನಿಸಿದ್ದೀರಿ, ಐಟಮ್ ಕಟ್ಟಲಿಕ್ಕೆ.

ಅಷ್ಟಕ್ಕೂ ಸಾಲಲಿಲ್ಲ. ಮುಗಿದ ಮೇಲೆ ಸೆರಗು ತೆಗೆದು, ‘ಇದು ಕತಿ ಅಲ್ಲರೀ, ನನ್ನ ಮನಿಯಾಕಿ ಬಂಗಾರೆವ್ವ! ಮುಂದಿನ ತಿಂಗಳ ಇಲ್ಲಿಗೇ ಬರ್ತಾಳ. ಬಂದಾಗ ಮಾತಾಡಸ್ರಿ, ಟಿಕೆಟ್ ಇಲ್ಲದ ಆಟ ನೋಡ್ರಿ’ ಎಂದಿರಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡಾಕ್ಟರ್ ರಮಾ ನಕ್ಕು ನಕ್ಕು ನೀರು ಬಂದ ಕಣ್ಣೊರೆಸಿಕೊಂಡು ಒಂಬತ್ತು ಎತ್ತಿದರು, ಶೇಷಾದ್ರಿ ಹತ್ತು ಎತ್ತಿದರು. ನಾನು ಒಂದು ಎತ್ತಿದೆ. ಸೊನ್ನೆಯ ಹಲಗೆ ಕೊಟ್ಟಿರಲಿಲ್ಲ. ಎತ್ತಿದ ಹಲಗೆಯನ್ನು ಇಳಿಸಲಿಲ್ಲ. ಆಗಲಾದರೂ ನೀವು ಸುಮ್ಮನಿರಬಹುದಿತ್ತು. ‘ನೋಡ್ರೀ, ಹಬ್ಬಕ್ಕ ಸೀರಿ ಕೊಡಿಸಲಿಲ್ಲಂತ ಮಗಳು ಸೇಡು ತೀರಿಸ್ಕೊಳ್ಳಾಕತ್ಯಾಳ!’ ಎಂದು ನನ್ನನ್ನೂ ಐಟಮ್ ಮಾಡಿದಿರಿ. ಅದಕ್ಕೂ ನಕ್ಕರು. ನಗಲು ನಿಮ್ಮ ಅಳಿಯ ಅಲ್ಲಿರಲಿಲ್ಲ. ಅವರು ನನ್ನ ಗಂಡ ಮಾತ್ರವಲ್ಲ, ಅವ್ವನ ಬೆನ್ನಿಗೆ ಬಿದ್ದ ತಮ್ಮ ಎಂಬುದೂ ನಿಮಗೆ ನೆನಪಾಗಲಿಲ್ಲ. ನೀವು ಬದನೆಕಾಯಿಗೆ ಬರುವಷ್ಟರಲ್ಲಿ ಅವರು ಹೊರಗೆ ಹೋಗಿ ಕಾರಿನಲ್ಲಿ ಕುಳಿತಿದ್ದರು. ಮೊದಲ ಬಹುಮಾನಕ್ಕೆ ಇಟ್ಟಿದ್ದ ದೀಪ ಒಂದೇ ಮಾರ್ಕಿನ ಅಂತರದಲ್ಲಿ ನಿಮ್ಮ ಕೈತಪ್ಪಿ, ವೀಣೆ ನುಡಿಸಿದ ಪ್ರಭಾಗೆ ಹೋಯಿತು. ನೀವು ಮರುದಿನ ನಮ್ಮಿಬ್ಬರ ಮುಖವನ್ನೂ ನೋಡದೆ ಜಯರಾಮ್ ಅವರ ಕಾರಿನಲ್ಲಿ ಏರ್‌ಪೋರ್ಟಿಗೆ ಹೋದಿರಿ.

ಹೋಗುವ ಮೊದಲು ಹೊಸಲಿನ ಹತ್ತಿರ ನಿಂತು ಒಂದು ಮಾತು ಹೇಳಿದಿರಿ. ‘ಈ ಊರಾಗ ಆಕಿನ್ನ ಯಾರ್ ನೋಡ್ಯಾರ? ಕಲಾ ಅಂದ್ರ ಏನಂತ ನಿನಗ ತಿಳಿಯಂಗಿಲ್ಲ, ನಾಕನೇತ್ತೆ ಹುಡುಗಿ.’ ನಾಲ್ಕನೇ ಇಯತ್ತೆಗೆ ನನ್ನ ಶಾಲೆ ಬಿಡಿಸಿದವರು ಯಾರು? ಅವ್ವನ ಗಂಟಲು ಹೋದ ವರ್ಷ, ಬಾಲಪಾತ್ರಕ್ಕೆ ಹಾಡಲು ಒಂದು ದನಿ ಬೇಕಾಗಿತ್ತು ನಿಮಗೆ. ಜಮಖಂಡಿಯ ಕ್ಯಾಂಪಿನಲ್ಲಿ ಆಕೆಗೆ ಜ್ವರ ಬಂದು ಗಂಟಲು ಬಾತಿತ್ತು. ಡಾಕ್ಟರು ಮಾತೇ ಆಡಬಾರದು ಎಂದಿದ್ದರು. ಡೇರೆ ತುಂಬಿದೆ ಎಂದು ನೀವು ಆಟ ನಿಲ್ಲಿಸಲಿಲ್ಲ. ಬಿಸಿನೀರಿಗೆ ಅರಿಶಿನ ಹಾಕಿ ಕುಡಿಸಿ, ಬೆನ್ನು ತಟ್ಟಿ ರಂಗಕ್ಕೆ ಕಳಿಸುತ್ತಿದ್ದಿರಿ. ಆಕೆ ಹಾಡಿದಳು. ಕ್ಯಾಂಪು ಏಳುವ ಹೊತ್ತಿಗೆ ಆ ದನಿ ಮುಗಿದಿತ್ತು. ಆಪರೇಶನ್ ಆದ ಮೇಲೆ ಉಳಿದದ್ದು ನೀವು ಮೊನ್ನೆ ಮಾಡಿ ತೋರಿಸಿದ ದನಿ. ಅದನ್ನು ಮಾಡಿಟ್ಟವರೂ ನೀವೇ, ಅಣಕಿಸಿದವರೂ ನೀವೇ. ನಿಮಗೆ ಒಂದು ಮಾರ್ಕು ಹೆಚ್ಚೇ ಆಯಿತು.

ಕಲೆ ನನಗೆ ತಿಳಿಯುವುದಿಲ್ಲ, ಇರಲಿ. ಡೇರೆಯಲ್ಲಿ ನಿಮ್ಮ ಮೀಸೆಗೆ ಅಂಟು ಹಚ್ಚಿಕೊಡುವಾಗ ನೀವು ಹೇಳುತ್ತಿದ್ದುದು ನನ್ನ ಕಿವಿಯಲ್ಲಿದೆ. ‘ನಗಸಾಂವ ಮೊದಲ ತಾ ಬೀಳಬೇಕು, ಮಂದೀನ್ನ ಬೀಳಿಸಬಾರದು’ ಎನ್ನುತ್ತಿದ್ದಿರಿ. ಅವತ್ತು ಥಿಯೇಟರಿನಲ್ಲಿ ನೀವು ಎಲ್ಲೂ ಬೀಳಲಿಲ್ಲ.

ಗ್ರೋಸರಿ ಅಂಗಡಿಯಲ್ಲಿ ಸಿಕ್ಕವರು ಈಗ ನನ್ನ ಆರೋಗ್ಯ ಕೇಳುವ ಮೊದಲು ‘ನಿಮ್ಮಮ್ಮ ಯಾವಾಗ ಬರ್ತಾರೆ?’ ಎಂದು ಕೇಳುತ್ತಾರೆ, ಕೇಳುವಾಗಲೇ ತುಟಿಯಲ್ಲಿ ನಗು ಬಂದಿರುತ್ತದೆ. ಡಾಕ್ಟರ್ ರಮಾ ಅವರಂತೂ ‘ಕಾಮೆಡೀನ ಕಾಮೆಡಿ ಥರ ತಗೋಬೇಕು ದಾನವ್ವಾ, ಟೆನ್ಷನ್ ಮಾಡ್ಕೊಂಡ್ರೆ ಮಗೂಗೆ ಒಳ್ಳೇದಲ್ಲ’ ಎಂದು ಬುದ್ಧಿ ಹೇಳಿದರು. ಅವ್ವ ಬಂದಾಗ ಈ ಮಂದಿಯಿಂದ ಆಕೆಯನ್ನು ಹೇಗೆ ಕಾಯಲಿ ಎಂಬುದೇ ನನ್ನ ಚಿಂತೆ. ಆಕೆಗೆ ಇದು ಗೊತ್ತಾಗಕೂಡದು. ನೀವು ಹೂಸ್ಟನ್ನಿನಲ್ಲಿ, ಶಿಕಾಗೋದಲ್ಲಿ ಆ ಐಟಮ್ ಮಾಡಬಾರದು. ಮಾಡುವುದಿಲ್ಲ ಎಂದು ನಿಮ್ಮ ಕೈಯಲ್ಲೇ ಬರೆದು ಕಳಿಸಿದರೆ ಕೂಸು ನೋಡಲು ಬನ್ನಿ, ಬಾಗಿಲು ತೆಗೆಯುತ್ತೇನೆ. ಇಲ್ಲವಾದರೆ ತಿರುಗಿ ಹೋಗುವಾಗ ಈ ಊರಿನ ಮೇಲೆ ಹಾಯಬೇಡಿ.

ಅಲ್ಲಿ ನಿಮಗೆ ಇಂಬು ಕೊಟ್ಟಿರುವ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮಗಳಾಗಿ ಹುಟ್ಟಿದ ಮೇಲೆ ನಿಮಗೂ ಕಾಲುಮುಟ್ಟಿ ನಮಸ್ಕಾರ ಎನ್ನಲೇಬೇಕು, ಅಂದಿದ್ದೇನೆ.

ನಿಮ್ಮ ಮಗಳು,
ದಾನವ್ವ

ತಾ.ಕ. ಲಕೋಟೆಗೆ ಅಂಟು ಹಚ್ಚುವಾಗ ಗದಗಿನಿಂದ ಫೋನ್ ಬಂತು, ಅದಕ್ಕೆ ಇಷ್ಟು ಅವಸರದಲ್ಲಿ ಬರೆಯುತ್ತಿದ್ದೇನೆ. ಪಕ್ಕದ ಮನೆಯ ನಾಗವ್ವನ ಫೋನು. ಅವ್ವನ ದನಿ ಅಷ್ಟು ದೂರ ಬರುವುದಿಲ್ಲವಲ್ಲ, ಆಕೆ ಪಿಸುಗುಟ್ಟಿದ್ದನ್ನು ನಾಗವ್ವ ತಿರುಗಿ ನನಗೆ ಕೂಗಿ ಹೇಳಿದಳು. ಹೂಸ್ಟನ್ನಿನಿಂದ ನೀವೇ ಫೋನ್ ಮಾಡಿ, ‘ನಿನ್ನ ಪಾರ್ಟು, ನಿನ್ನ ಈಗಿನ ದನಿ ಮಾಡಿ ತೋರಿಸಿದೆ, ಥಿಯೇಟರ್ ಎದ್ದು ನಿಂತಿತ್ತು’ ಎಂದು ಆಕೆಗೆ ಹೇಳಿದಿರಂತೆ. ಅವ್ವ ನನ್ನನ್ನು ಕೇಳಿದ್ದು ಒಂದೇ: ‘ಮಂದಿ ಖರೇನ ನಕ್ಕರ?’ ಸುಳ್ಳು ಹೇಳಲಾಗಲಿಲ್ಲ, ಹೂಂ ಅಂದೆ. ‘ಹಂಗಾರ ನಾ ಬರೂದಿಲ್ಲವ್ವ. ನಾ ಬಾಯಿ ತೆರೆಯೂದನ್ನ ಕಾಯ್ಕೊಂತ ಕುಂತಿರ್ತಾರ. ಟಿಕೆಟ್ ತಿರುಗಿ ಕೊಡು’ ಎಂದಳಂತೆ. ಇನ್ನು ನೀವು ಆ ಐಟಮ್ ಬಿಟ್ಟರೂ ಅಷ್ಟೇ, ಮಾಡಿದರೂ ಅಷ್ಟೇ. ಪದ್ಮಜಾಗೆ ಹೇಳಿದೆ, ಅವ್ವ ಬರುವುದಿಲ್ಲ ಎಂದು. ‘ಅಯ್ಯೋ, ಅದಕ್ಯಾಕೆ ಅಳ್ತೀಯಾ, ನಾವಿಲ್ವಾ? ನಾವೇ ಎಲ್ಲ ಸೇರಿ ಬಳೆ ತೊಡಿಸ್ತೀವಿ’ ಎಂದಳು. ಅವತ್ತು ಥಿಯೇಟರಿನಲ್ಲಿ ಅವಳೂ ನಕ್ಕಿದ್ದಳು.